ಆಟ, ಕೂಟ, ರೀಲ್: ಕಾಸರಗೋಡಿನಲ್ಲಿ ಗಮನದ ಒಂದು ಚರಿತ್ರೆ

ಹೊಸೂರು, ತಾಳವಾಡಿ, ಅಕ್ಕಲಕೋಟೆ, ರಾಯದುರ್ಗ ಹೀಗೆ ಗಡಿಯ ಬೇರೆ ಬೇರೆ ಬದಿಯಿಂದ ಇಷ್ಟು ಜನ ಸೇರಿದ್ದೀರಿ, ಸಂತೋಷ. ಸಾಮಾಜಿಕ ಜಾಲತಾಣಗಳು ಮನುಷ್ಯರ ಗಮನದ ಅವಧಿಯ ಮೇಲೆ ಏನು ಪರಿಣಾಮ ಮಾಡ್ತಾ ಉಂಟು ಅನ್ನುವುದು ನನಗೆ ಕೊಟ್ಟ ವಿಷಯ. ನಾನು ಮನಶ್ಶಾಸ್ತ್ರದವನಲ್ಲ, ಚರಿತ್ರೆ ಓದುವವನು. ಹಾಗಾಗಿ ಪ್ರಶ್ನೆಯನ್ನು ಸ್ವಲ್ಪ ನನ್ನ ಬದಿಗೆ ಎಳೆದುಕೊಳ್ಳುತ್ತೇನೆ. ಗಮನ ಕಡಿಮೆಯಾಯಿತು ಅಂತ ಹೇಳಬೇಕಾದರೆ ಮೊದಲು ಅದು ಎಷ್ಟಿತ್ತು, ಹೇಗಿತ್ತು, ಯಾರು ಅದನ್ನು ಕಾಪಾಡ್ತಾ ಇದ್ದರು ಅಂತ ಗೊತ್ತಿರಬೇಕಲ್ಲ? ಅದಕ್ಕೆ ನಮ್ಮ ಕಾಸರಗೋಡಿನಲ್ಲೇ ಒಳ್ಳೆಯ ಉದಾಹರಣೆ ಉಂಟು: ಇಡೀ ರಾತ್ರಿಯ ಯಕ್ಷಗಾನ ಮತ್ತು ತಾಳಮದ್ದಳೆ. ನಮ್ಮ ಕಡೆ ಮಾತಿನಲ್ಲಿ ಆಟ ಮತ್ತು ಕೂಟ.

ಆಟಕ್ಕೆ ಹೋಗುವ ಮುಂಚೆ, ಈ ವಿಷಯ ಬಂದಾಗಲೆಲ್ಲ ಎದುರಾಗುವ ಒಂದು ಮೀನನ್ನು ಬದಿಗೆ ಸರಿಸಿಬಿಡೋಣ. ಮನುಷ್ಯನ ಗಮನದ ಅವಧಿ 12 ಸೆಕೆಂಡಿನಿಂದ 8 ಸೆಕೆಂಡಿಗೆ ಇಳಿದಿದೆ, ಗೋಲ್ಡ್‌ಫಿಶ್‌ಗೆ 9 ಸೆಕೆಂಡ್ ಉಂಟು, ಅಂದರೆ ನಾವು ಮೀನಿಗಿಂತಲೂ ಕಡೆ. ಇದನ್ನು ನೀವೆಲ್ಲ ಕೇಳಿರ್ತೀರಿ. ಶಿಕ್ಷಕರ ತರಬೇತಿಯಲ್ಲಿ, ಪತ್ರಿಕೆಯ ಪುರವಣಿಯಲ್ಲಿ, ವಾಟ್ಸಾಪ್‌ನಲ್ಲಿ ಎಲ್ಲ ಕಡೆ ಇದು ಬಂದುಹೋಗಿದೆ. ಇದು ಹರಡಿದ್ದು 2015ರಲ್ಲಿ ಮೈಕ್ರೋಸಾಫ್ಟ್‌ನ ಕೆನಡಾ ವಿಭಾಗ ಜಾಹೀರಾತುದಾರರಿಗಾಗಿ ಹೊರತಂದ ಒಂದು ವರದಿಯಿಂದ. ಆ ವರದಿಯೂ ಆ ಅಂಕಿಗಳನ್ನು ಸ್ಟ್ಯಾಟಿಸ್ಟಿಕ್ ಬ್ರೈನ್ ಅನ್ನುವ ಒಂದು ಜಾಲತಾಣದಿಂದ ಎತ್ತಿಕೊಂಡಿತ್ತು. 2017ರಲ್ಲಿ ಬಿಬಿಸಿಯವರು ಮೂಲ ಹುಡುಕುತ್ತಾ ಹೋದಾಗ ಅದರ ಹಿಂದೆ ಯಾವ ಪ್ರಯೋಗವೂ ಸಿಗಲಿಲ್ಲ. ಮೀನಿನ ಬಗ್ಗೆ ಹೇಳಿದ್ದೂ ಸುಳ್ಳು. ಗೋಲ್ಡ್‌ಫಿಶ್‌ಗಳು ಕಲಿಯುತ್ತವೆ, ನೆನಪಿಟ್ಟುಕೊಳ್ಳುತ್ತವೆ, ಅದಕ್ಕೇ ಪ್ರಯೋಗಾಲಯಗಳಲ್ಲಿ ಅವುಗಳ ನೆನಪಿನ ಬಗ್ಗೆ ಅಭ್ಯಾಸ ಮಾಡ್ತಾರೆ.

ಹಾಗಾದರೆ ಏನೂ ಆಗಿಲ್ಲವೇ? ಆಗಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಗ್ಲೋರಿಯಾ ಮಾರ್ಕ್ ಕಚೇರಿಯಲ್ಲಿ ಕೆಲಸ ಮಾಡುವವರ ಹಿಂದೆಯೇ ಸ್ಟಾಪ್‌ವಾಚ್ ಹಿಡಿದು ನಿಂತು ಲೆಕ್ಕ ಹಾಕಿದವರು, ಆಮೇಲೆ ಕಂಪ್ಯೂಟರ್ ಮೂಲಕವೇ ಅಳೆದವರು. 2004ರ ಹೊತ್ತಿಗೆ ಜನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ತಾ ಇದ್ದರು. 2012ರಲ್ಲಿ ಅದು 75 ಸೆಕೆಂಡ್. ಇತ್ತೀಚಿನ ವರ್ಷಗಳಲ್ಲಿ ಸುಮಾರು 47 ಸೆಕೆಂಡ್. ಇದು ಗಟ್ಟಿ ಲೆಕ್ಕ. ಆದರೆ ಅವರು ಅಳೆದದ್ದು ಯಾವುದನ್ನು ಅಂತ ನೋಡಬೇಕು. ಮನುಷ್ಯನಿಗೆ ಎಷ್ಟು ಹೊತ್ತು ಗಮನ ಕೊಡಲಿಕ್ಕೆ ಸಾಧ್ಯ ಅನ್ನುವುದನ್ನು ಅಲ್ಲ, ಪರದೆಯ ಮುಂದೆ ಕೂತಾಗ ಎಷ್ಟು ಹೊತ್ತಿಗೊಮ್ಮೆ ಒಂದರಿಂದ ಇನ್ನೊಂದಕ್ಕೆ ಹಾರ್ತಾನೆ ಅನ್ನುವುದನ್ನು. ಅವರಿಗೆ ಕಂಡ ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯ. ಆ ಹಾರಾಟಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟನ್ನು ಹೊರಗಿನಿಂದ ಯಾರೂ ತಡೆದು ಮಾಡಿಸಿದ್ದಲ್ಲ, ಜನ ತಮ್ಮನ್ನು ತಾವೇ ತಡೆದುಕೊಂಡದ್ದು.

ಇಲ್ಲಿ ಒಂದು ಮಾತು ನೆನಪಿಗೆ ಬರ್ತದೆ. ಗಮನಕ್ಕೆ ನಮ್ಮಲ್ಲಿರುವ ಹಳೆಯ ಶಬ್ದ ಅವಧಾನ. ಅಷ್ಟಾವಧಾನ ನೋಡಿದವರಿಗೆ ಗೊತ್ತು, ಅದರಲ್ಲಿ ಎಂಟು ಜನ ಪೃಚ್ಛಕರಿರ್ತಾರೆ. ಅವರಲ್ಲಿ ಒಬ್ಬರ ಕೆಲಸವೇ ನಡುವೆ ಬಾಯಿ ಹಾಕಿ ಸಂಬಂಧವಿಲ್ಲದ್ದನ್ನು ಮಾತಾಡಿ ಅವಧಾನಿಯ ದಾರಿ ತಪ್ಪಿಸುವುದು. ಅಪ್ರಸ್ತುತ ಪ್ರಸಂಗ ಅಂತ ಅದಕ್ಕೆ ಹೆಸರೂ ಉಂಟು. ಅಡ್ಡಿ ಬರುವುದು ಹೊಸತಲ್ಲ, ಅಡ್ಡಿಯಿಂದ ವಾಪಸು ಬರುವುದನ್ನೇ ವಿದ್ಯೆ ಅಂತ ಇಟ್ಟುಕೊಂಡವರು ನಾವು. ಗಮನದ ಚರಿತ್ರೆ ಬರೆಯುವವರು ಎಷ್ಟು ಹೊತ್ತು ಅನ್ನುವುದರ ಜೊತೆಗೆ ಈ ವಾಪಸು ಬರುವ ದಾರಿಯನ್ನೂ ನೋಡಬೇಕು ಅಂತ ನನ್ನ ಅಭಿಪ್ರಾಯ.

ಈಗ ಆಟದ ರಾತ್ರಿಗೆ ಬರೋಣ. ದೀಪಾವಳಿಯ ನಂತರ ಮೇಳಗಳು ತಿರುಗಾಟಕ್ಕೆ ಹೊರಡ್ತವೆ, ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಹಿಂದೆ ಗದ್ದೆ ಕೊಯ್ಲಾದ ಮೇಲೆ ಆ ಬಯಲಿನಲ್ಲೇ ರಂಗಸ್ಥಳ. ಸಂಜೆ ಹೊತ್ತಿಗೆ ಚೆಂಡೆ ಬಡಿದು ಊರಿಗೆ ಆಟ ಉಂಟು ಅಂತ ತಿಳಿಸುವುದು, ಅದು ಕೇಳಿ. ಚೌಕಿಯಲ್ಲಿ ಪೂಜೆ. ಆಮೇಲೆ ಪೂರ್ವರಂಗ: ಕೋಡಂಗಿ, ಬಾಲಗೋಪಾಲರು, ಸ್ತ್ರೀವೇಷ, ಹೀಗೆ. ಊಟ ಮುಗಿಸಿ ಚಾಪೆ ಹಿಡಿದುಕೊಂಡು ಜನ ನಿಧಾನಕ್ಕೆ ಬಂದು ಸೇರುವ ಹೊತ್ತು ಅದು. ಪ್ರಸಂಗ ಶುರುವಾಗುವಾಗ ಬಯಲು ತುಂಬಿರ್ತದೆ. ಬಣ್ಣದ ವೇಷ ಬರುವುದು ನಡುರಾತ್ರಿ ಕಳೆದ ಮೇಲೆ. ಮಂಗಳ ಹಾಡುವಾಗ ಬೆಳಗಾಗಿರ್ತದೆ.

ಒಂಬತ್ತು ಹತ್ತು ಗಂಟೆ! ಎಂತಹ ಏಕಾಗ್ರತೆ ಅಂತ ಅನ್ನಿಸುತ್ತದೆ. ಆದರೆ ಆ ಬಯಲಿನಲ್ಲಿ ಕೂತವರನ್ನು ಕೇಳಿ ನೋಡಿ. ಯಾರೂ ಒಂಬತ್ತು ಗಂಟೆ ಕಣ್ಣು ಮಿಟುಕಿಸದೆ ನೋಡಿದ್ದಿಲ್ಲ. ಮಕ್ಕಳು ಚಾಪೆಯ ಮೇಲೆ ನಿದ್ದೆ ಹೋಗ್ತಾ ಇದ್ದರು. ಗಂಡಸರು ಎದ್ದು ಹೋಟ್ಲಿಗೆ ಹೋಗಿ ಚಹಾ ಕುಡಿದು ಬರ್ತಿದ್ದರು. ಹಿಂದಿನ ಸಾಲಿನಲ್ಲಿ ಮದುವೆ ಮಾತುಕತೆ ನಡೆಯುತ್ತಿತ್ತು, ಜಾಗದ ತಕರಾರು ಮಾತಾಡ್ತಿದ್ದರು. ದೇವಿಮಹಾತ್ಮೆ ಆದರೆ ಮಹಿಷಾಸುರ ಬರುವ ಹೊತ್ತಿಗೆ ಪಕ್ಕದವರು ತಟ್ಟಿ ಎಬ್ಬಿಸ್ತಿದ್ದರು. ದೊಂದಿ ಹಿಡಿದು, ರಾಳ ಹಾರಿಸಿ, ಪ್ರೇಕ್ಷಕರ ನಡುವಿನಿಂದಲೇ ಅವನು ಬರುವಾಗ ಯಾರಿಗಾದರೂ ನಿದ್ದೆ ಉಳಿಯುವುದುಂಟಾ? ಅದು ಮುಗಿದ ಮೇಲೆ ಬೇಕಾದವರು ಪುನಃ ಮಲಗಬಹುದು. ನಮ್ಮ ಕಡೆಯ ಹಿರಿಯರೊಬ್ಬರು ನನಗೆ ಹೇಳಿದ್ದು ಹೀಗೆ: "ನಾನು ನೋಡಿದ ಆಟಗಳಲ್ಲಿ ಅರ್ಧ ನಿದ್ದೆ. ಆದರೆ ಎಲ್ಲಿ ಎಚ್ಚರಾದರೂ ಕಥೆ ಎಲ್ಲಿದೆ ಅಂತ ಗೊತ್ತಿರ್ತಿತ್ತು ಮಾರಾಯ."

ಈ ಮಾತಿನಲ್ಲಿ ಬಹಳ ಉಂಟು. ಕಥೆ ಮೊದಲೇ ಗೊತ್ತು, ಭಾಗವತರ ಪದದ ರಾಗ, ಚೆಂಡೆಯ ಪೆಟ್ಟು ಕೇಳಿದರೆ ಈಗ ಯುದ್ಧವೋ ಪ್ರಯಾಣವೋ ಶೃಂಗಾರವೋ ಅಂತ ಮಲಗಿದಲ್ಲಿಂದಲೇ ತಿಳಿಯುತ್ತಿತ್ತು. ಗೊತ್ತಾಗದಿದ್ದರೆ ಪಕ್ಕದವರು ಹೇಳ್ತಾರೆ. ಅಂದರೆ ಗಮನ ಒಬ್ಬೊಬ್ಬರ ತಲೆಯೊಳಗೆ ಇದ್ದ ಒಂದು ಶಕ್ತಿ ಮಾತ್ರ ಆಗಿರಲಿಲ್ಲ, ಬಯಲಿನ ತುಂಬ ಹಂಚಿಹೋಗಿತ್ತು. ಒಬ್ಬನ ಗಮನ ತಪ್ಪಿದಾಗ ಇನ್ನೊಬ್ಬನದ್ದು ಇತ್ತು. ಗಮನ ತಪ್ಪುವುದಕ್ಕೆ ಅವಕಾಶ ಇತ್ತು, ವಾಪಸು ಬರ್ಲಿಕ್ಕೆ ದಾರಿ ಇತ್ತು, ಬೇಕಾದ್ದಕ್ಕಾಗಿ ಕಾಯುವುದು ಯಾರಿಗೂ ಶಿಕ್ಷೆ ಅಂತ ಅನ್ನಿಸ್ತಿರಲಿಲ್ಲ.

ಕಲಾವಿದರಿಗೂ ಈ ವ್ಯವಸ್ಥೆ ಬೇಕಾಗಿತ್ತು. ಪೂರ್ವರಂಗದಲ್ಲಿ ಕುಣಿಯುವವರು ಮೇಳಕ್ಕೆ ಹೊಸತಾಗಿ ಸೇರಿದ ಹುಡುಗರು. ಹಾಡುವವರೂ ಕಲಿಯುವ ಹಂತದವರು, ಅವರನ್ನು ಸಂಗೀತಗಾರ ಅಂತ ಕರೀತಾರೆ. ಮುಖ್ಯ ಭಾಗವತರು ಜಾಗಟೆ ತೆಗೆದುಕೊಳ್ಳುವುದು ರಾತ್ರಿ ಬೆಳೆದ ಮೇಲೆ. ಜನ ಇನ್ನೂ ಬರ್ತಾ ಇರುವ ಹೊತ್ತಿನಲ್ಲಿ, ಯಾರೂ ಹೆಚ್ಚು ಗಮನ ಕೊಡದಿರುವಾಗ, ಹೊಸಬರು ತಾಳ ತಪ್ಪಿದರೂ ನಡೆಯುತ್ತಿತ್ತು. ಪ್ರೇಕ್ಷಕರ ಅರೆಗಮನವೇ ಅವರ ಶಾಲೆ. ಕಾಲಮಿತಿಯ ಆಟ ಬಂದಾಗ ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಅದನ್ನು ಕಡಿದರೆ ಪ್ರೇಕ್ಷಕರಿಗೆ ನಷ್ಟ ಕಾಣುವುದಿಲ್ಲ. ನಷ್ಟ ಕಾಣುವುದು ಹತ್ತು ಹದಿನೈದು ವರ್ಷ ಕಳೆದು, ಪೂರ್ವರಂಗದಲ್ಲಿ ಹದವಾಗದ ಕಲಾವಿದರು ನೇರ ಮುಖ್ಯ ವೇಷಕ್ಕೆ ಬಂದಾಗ.

ಕೂಟದ್ದು ಇನ್ನೊಂದು ಬಗೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳ್ತಾರೆ, ಎದುರಿಗೆ ಶಾಲು ಹೊದ್ದು ಕೂತ ಅರ್ಥಧಾರಿಗಳು ಆ ಪದ್ಯಕ್ಕೆ ಅಲ್ಲೇ ಮಾತು ಕಟ್ಟುತ್ತಾರೆ. ಬರೆದುಕೊಂಡು ಬಂದ ಮಾತಲ್ಲ. ಎದುರಿನವರು ಎಂತ ಕೇಳ್ತಾರೆ ಅಂತ ಗೊತ್ತಿಲ್ಲ. ಬಯಲಾಟ ನಿಂತ ಮಳೆಗಾಲದಲ್ಲಿ ಮನೆಯ ಚಾವಡಿಯಲ್ಲಿ, ದೇವಸ್ಥಾನದ ಗೋಪುರದಲ್ಲಿ ಹೊರಗೆ ಧೋ ಅಂತ ಮಳೆ ಸುರಿಯುವಾಗ ಒಳಗೆ ವಾಲಿ ರಾಮನನ್ನು ಪ್ರಶ್ನೆ ಮಾಡ್ತಾ ಇರ್ತಾನೆ. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಸುಳ್ಯದ ಕಡೆಯ ದೇರಾಜೆ ಸೀತಾರಾಮಯ್ಯನವರು (1914–1984), ಕುಂಬಳೆ ಸುಂದರ ರಾಯರು (1934–2022) ಇವರೆಲ್ಲ ಅರ್ಥ ಹೇಳಿ ಹೆಸರಾದವರು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರು ಕಾನೂನು ವಿದ್ಯಾರ್ಥಿಗಳಿಗೆಲ್ಲ 1973ರ ತೀರ್ಪಿನಿಂದ ಗೊತ್ತು. ನಮ್ಮ ಊರಿನವರಿಗೆ ಅವರು ಮಠದಲ್ಲಿ ಆಟ ಕೂಟಗಳನ್ನು ನಡೆಸಿದವರಾಗಿ, ಸ್ವತಃ ಭಾಗವತಿಕೆ ಮಾಡುತ್ತಿದ್ದವರಾಗಿ ಗೊತ್ತು.

ಕೂಟ ಯಾಕೆ ನಮಗೆ ಇಷ್ಟು ಮುಖ್ಯ ಅಂತ ಕಾಸರಗೋಡಿನ ಹೊರಗಿನವರಿಗೆ ಒಂದು ಮಾತು ಹೇಳಬೇಕು. ಈ ಜಿಲ್ಲೆಯನ್ನು ಸಪ್ತಭಾಷಾ ಸಂಗಮಭೂಮಿ ಅಂತ ಕರೆಯುತ್ತಾರೆ. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಮಾತಾಡುವವರೂ, ಹವ್ಯಕ ಕನ್ನಡ ಮಾತಾಡುವವರೂ ಶಾಲೆಯಲ್ಲಿ ಕನ್ನಡ ಓದಿದರು. ಹಾಗಾಗಿ ಇಲ್ಲಿ ಕನ್ನಡ ಅನ್ನುವುದು ಅನೇಕರಿಗೆ ಮನೆಯ ಭಾಷೆ ಅಲ್ಲ, ಕಲಿತ ಭಾಷೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಹೇಳಿತು, ಅದು ಹಾಗೆಯೇ ಉಳಿಯಿತು. ಕಚೇರಿಯ ಕಾಗದ ಮಲಯಾಳಕ್ಕೆ ತಿರುಗಿತು. ಮಕ್ಕಳು ಈಗ ಇಂಗ್ಲಿಷ್ ಶಾಲೆಗೆ ಹೋಗ್ತಾರೆ. ಇಷ್ಟರ ನಡುವೆ, ದೊಡ್ಡವರ ಕನ್ನಡ, ಅಂದರೆ ವಾದ ಮಾಡುವ, ತರ್ಕ ಕಟ್ಟುವ, ಸೋತಾಗಲೂ ಗೌರವದಿಂದ ಮಾತಾಡುವ ಕನ್ನಡ ಕಿವಿಗೆ ಬಿದ್ದದ್ದು ಎಲ್ಲಿ? ಕೂಟದಲ್ಲಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಜನ "ನಿನ್ನ ಆಕ್ಷೇಪಕ್ಕೆ ಆಧಾರವೇನು?" ಅಂತ ಮಾತಾಡುವುದನ್ನು ನಾನು ಕೇಳಿದ್ದೇನೆ. ಪುಸ್ತಕದಿಂದ ಬಂದ ಮಾತಲ್ಲ ಅದು. ನಿಮ್ಮ ನಿಮ್ಮ ಕಡೆಯ ದೊಡ್ಡಾಟ, ಪಾರಿಜಾತ, ಭಜನೆಗಳ ಬಗ್ಗೆ ಇದೇ ಪ್ರಶ್ನೆ ಕೇಳಬಹುದು. ಅದನ್ನು ನೀವೇ ಹೇಳಬೇಕು, ನಾನು ಹೇಳುವುದು ಸರಿಯಲ್ಲ.

ಇಷ್ಟು ಕೇಳಿದ ಮೇಲೆ, ಮೊಬೈಲ್ ಬಂತು, ರಾತ್ರಿ ಕಿರಿದಾಯಿತು ಅಂತ ನೀವು ನಿರೀಕ್ಷಿಸ್ತಿರಬಹುದು. ಕಾಲಕ್ರಮ ನೋಡಿದರೆ ಹಾಗಿಲ್ಲ. ರಾತ್ರಿಯನ್ನು ತುಂಡು ಮಾಡಿದವರ ಪಟ್ಟಿ ಉದ್ದ ಉಂಟು, ಮೊಬೈಲ್ ಅದರಲ್ಲಿ ತೀರಾ ಕೊನೆಯದ್ದು.

ಮೊದಲನೆಯದ್ದು ಡೇರೆ. ಡೇರೆ ಕಟ್ಟಿ, ಟಿಕೆಟ್ ಇಟ್ಟು, ಕುರ್ಚಿ ಹಾಕಿ ಆಟ ಆಡಿಸುವ ಮೇಳಗಳು ಬಂದವು. ದುಡ್ಡು ಕೊಟ್ಟು ಒಳಗೆ ಬಂದವನಿಗೆ ಚಾಪೆಯವನ ತಾಳ್ಮೆ ಇರುವುದಿಲ್ಲ. ಪೂರ್ವರಂಗ ಆಗಲೇ ಸೊರಗಿತು, ವೇಗದ ಹೊಸ ಪ್ರಸಂಗಗಳು, ತುಳು ಪ್ರಸಂಗಗಳು ಬಂದವು. ಆಮೇಲೆ ರೇಡಿಯೋ. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾಯಿತು, ಕಾಸರಗೋಡಿಗೂ ಚೆನ್ನಾಗಿ ಕೇಳುತ್ತಿತ್ತು. ಪ್ರಸಾರಕ್ಕೆ ಗಡಿಯಾರ ಉಂಟು, ಅರ್ಥಧಾರಿಗೆ ಎದುರಿಗೆ ಜನ ಇಲ್ಲ, ನಿಗದಿಯ ನಿಮಿಷದೊಳಗೆ ಕರ್ಣ ಸಾಯಲೇಬೇಕು. ಇದರ ಬೆನ್ನಿಗೇ ಕ್ಯಾಸೆಟ್ ಬಂತು. ಸಿ-60 ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ 30 ನಿಮಿಷ, ಸಿ-90ರಲ್ಲಿ 45. ಶೇಣಿ–ಸಾಮಗರ ಸಂವಾದಗಳು ಕ್ಯಾಸೆಟ್ಟಿನಲ್ಲಿ ಗಲ್ಫಿಗೂ ಬೊಂಬಾಯಿಗೂ ಹೋದವು. ಹತ್ತು ಗಂಟೆಯ ಕೂಟವನ್ನು ಮೂರು ಗಂಟೆಗೆ ಇಳಿಸಿದ್ದು ಕ್ಯಾಸೆಟ್ಟೇ. ಆದರೆ ಅದೇ ಕ್ಯಾಸೆಟ್ ಕೂಟವನ್ನು ಪುನಃ ಪುನಃ ಕೇಳುವ ಹಾಗೆ ಮಾಡಿತು. ಕೆಲವರಿಗೆ ಸಂವಾದವಿಡೀ ಬಾಯಿಪಾಠ. ಹಾಗಾಗಿ ಕಿರಿದಾದದ್ದೆಲ್ಲ ನಷ್ಟ ಅಂತ ಹೇಳುವವರ ಜೊತೆ ನಾನಿಲ್ಲ.

ದೂರದರ್ಶನದಲ್ಲಿ 1987ರ ಜನವರಿಯಲ್ಲಿ ರಾಮಾಯಣ, 1988ರ ಅಕ್ಟೋಬರದಲ್ಲಿ ಮಹಾಭಾರತ ಶುರುವಾಯಿತು. ಅದು ಬರುತ್ತಿದ್ದದ್ದು ಭಾನುವಾರ ಬೆಳಗ್ಗೆ, ಆಟದ ಜೊತೆ ನೇರ ಪೈಪೋಟಿ ಇರಲಿಲ್ಲ. ಆದರೂ ಅದೇ ಕಥೆ ವಾರಕ್ಕೊಂದು ತುಣುಕಾಗಿ ಮನೆಯೊಳಗೆ ಸಿಗುವುದು ಅಭ್ಯಾಸವಾಯಿತು. ಇನ್ನು ಬೆಳಗ್ಗೆ ಬಸ್ಸು ಹತ್ತಿ ಮಂಗಳೂರಿಗೋ ಕಾಸರಗೋಡಿಗೋ ಕೆಲಸಕ್ಕೆ ಹೋಗುವವರ ಸಂಖ್ಯೆ ಹೆಚ್ಚಿತು. ಗದ್ದೆ ಕೆಲಸದವನು ಆಟ ನೋಡಿ ಬಂದು ಹಗಲು ಮಲಗಬಹುದಿತ್ತು, ಬ್ಯಾಂಕಿನವನಿಗೆ ಆಗುವುದಿಲ್ಲ. ಗದ್ದೆಯೇ ಅಡಿಕೆ ತೋಟವಾದ ಮೇಲೆ ಆಟ ಆಡಲಿಕ್ಕೆ ಬಯಲೂ ಕಡಿಮೆಯಾಯಿತು.

ಕೊನೆಗೆ ಕಾನೂನು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಗಟ್ಟಿ ಮಾಡಿತು. ಗಡಿಯಾಚೆ ದಕ್ಷಿಣ ಕನ್ನಡದಲ್ಲಿ ಕಟೀಲು ಮೇಳಗಳೇ 2022ರಲ್ಲಿ ಕಾಲಮಿತಿಗೆ ಬಂದದ್ದು ಈ ಕಾರಣಕ್ಕೆ. ಅದರ ಮೇಲೆ ಎದ್ದ ಚರ್ಚೆ ನ್ಯಾಯಾಲಯದ ತನಕ ಹೋಯಿತು. ಕಟೀಲು ಮೇಳದ ಹರಕೆ ಆಟಕ್ಕೆ ಹೆಸರು ಬರೆಸಿದರೆ ಸರದಿ ಬರಲಿಕ್ಕೆ ವರ್ಷಗಟ್ಟಲೆ ಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಸೇವೆಯ ಆಟಕ್ಕಾಗಿ ಅಷ್ಟು ವರ್ಷ ಕಾಯುವ ಅದೇ ಮನುಷ್ಯ ಯೂಟ್ಯೂಬ್ ಜಾಹೀರಾತಿನಲ್ಲಿ ಐದು ಸೆಕೆಂಡ್ ಕಾಯಲಾರ. ಒಂದೇ ಮನುಷ್ಯನಲ್ಲಿ ಎರಡೂ ಉಂಟು.

ಇದಕ್ಕಿಂತ ದೊಡ್ಡ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಉಂಟು. ತೆಯ್ಯಂ. ಅದೇ ಜನ, ಅದೇ ಮೊಬೈಲ್, ಅದೇ ಜಿಯೋ. ಆದರೆ ಕಳಿಯಾಟಗಳು ಈಗಲೂ ರಾತ್ರಿಯಿಡೀ ನಡೆಯುತ್ತವೆ, ಬೆಳಗಿನ ಜಾವದ ತೆಯ್ಯಕ್ಕೆ ಜನ ಸೇರ್ತಾರೆ. ಅವರ ಕೈಯಲ್ಲೂ ಫೋನ್ ಇರ್ತದೆ, ಬೆಂಕಿಯ ಎದುರು ವಿಡಿಯೋ ಮಾಡ್ತಾರೆ, ರೀಲ್ ಹಾಕ್ತಾರೆ. ಆದರೂ ತೆಯ್ಯ ಬರುವ ಹೊತ್ತನ್ನು ಯಾರೂ ಹಿಂದೆ ತರಲಿಲ್ಲ. ಅದರ ಕಾಲ ನಿಂತಿರುವುದು ಪ್ರೇಕ್ಷಕರ ಅನುಕೂಲದ ಮೇಲಲ್ಲ, ಅನುಷ್ಠಾನದ ಕ್ರಮದ ಮೇಲೆ. ಮನುಷ್ಯರ ಗಮನಶಕ್ತಿಯೇ ಕುಗ್ಗಿಹೋಗಿದ್ದರೆ ಎರಡೂ ಒಟ್ಟಿಗೇ ಕಿರಿದಾಗಬೇಕಿತ್ತು. ಆಟಕ್ಕೆ ಪ್ರೇಕ್ಷಕರೇ ಯಜಮಾನರಾದರು, ತೆಯ್ಯಕ್ಕೆ ಆಗಲಿಲ್ಲ.

ಹಾಗಾದರೆ ಮೊಬೈಲಿನ ಮೇಲೆ ಅಪವಾದ ಏನೂ ಇಲ್ಲವೇ ಅಂತ ಕೇಳಬೇಡಿ, ಈಗ ಅದಕ್ಕೇ ಬಂದೆ. ಡೇರೆ, ರೇಡಿಯೋ, ಕ್ಯಾಸೆಟ್ ಇವೆಲ್ಲ ಹೊತ್ತನ್ನು ಕಿರಿದು ಮಾಡಿದವು. ಆದರೆ ಮುಂದೆ ಏನು ಬರಬೇಕು ಅನ್ನುವ ತೀರ್ಮಾನ ಭಾಗವತರ ಕೈಯಲ್ಲೋ ಪ್ರಸಂಗದ ಕೈಯಲ್ಲೋ ಇತ್ತು. ಕ್ಯಾಸೆಟ್ಟಿನ ಎರಡನೇ ಬದಿ ಮೊದಲನೇ ಬದಿಯ ಮುಂದುವರಿಕೆಯೇ. ಫೇಸ್‌ಬುಕ್ 2006ರ ಸೆಪ್ಟೆಂಬರದಲ್ಲಿ ನ್ಯೂಸ್ ಫೀಡ್ ತಂದಿತು. ಅದೇ ವರ್ಷ ಏಜಾ ರಾಸ್ಕಿನ್ ಅನ್ನುವ ವಿನ್ಯಾಸಕಾರರು ಕೆಳಗೆ ಎಳೆದಷ್ಟೂ ಮುಗಿಯದ ಪುಟದ ಉಪಾಯ ಮಾಡಿದರು. ಅದರ ಬಗ್ಗೆ ಅವರೇ ಆಮೇಲೆ ಬೇಸರ ಹೇಳಿಕೊಂಡರು. ಯೂಟ್ಯೂಬ್ 2012ರಿಂದ ಎಷ್ಟು ಜನ ಒತ್ತಿದರು ಅನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನುವುದನ್ನು ಲೆಕ್ಕ ಹಿಡಿದು ಮುಂದಿನ ವಿಡಿಯೋ ಸೂಚಿಸತೊಡಗಿತು. ಮಾಹಿತಿ ಹೆಚ್ಚಿದಷ್ಟೂ ಅದು ನುಂಗುವ ಗಮನಕ್ಕೆ ಬರ ಬರುತ್ತದೆ ಅಂತ ಹರ್ಬರ್ಟ್ ಸೈಮನ್ 1971ರಲ್ಲೇ ಎಚ್ಚರಿಸಿದ್ದರು. ಆ ಬರವನ್ನೇ ಮಾರುಕಟ್ಟೆ ಮಾಡಿಕೊಂಡದ್ದು ಇವರು. 2016ರ ಸೆಪ್ಟೆಂಬರದಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2020ರ ಜೂನ್ 29ರಂದು ಸರಕಾರ ಟಿಕ್‌ಟಾಕ್ ಸಹಿತ 59 ಆ್ಯಪ್‌ಗಳನ್ನು ನಿಷೇಧಿಸಿತು. ಜುಲೈಯಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಭಾರತಕ್ಕೆ ಬಂತು, ಸೆಪ್ಟೆಂಬರದಲ್ಲಿ ಯೂಟ್ಯೂಬ್ ಶಾರ್ಟ್ಸ್‌ನ ಪರೀಕ್ಷೆ ಭಾರತದಲ್ಲೇ ಶುರುವಾಯಿತು. ಆಗ ಎರಡರದ್ದೂ ಅಳತೆ 15 ಸೆಕೆಂಡ್. ಅದು ಕೊರೋನದ ವರ್ಷ. ಮಾರ್ಚಿಯಲ್ಲೇ ಮೇಳಗಳು ನಿಂತಿದ್ದವು, ಚಾವಡಿಯ ಕೂಟ ಇಲ್ಲ, ಎಲ್ಲರೂ ಮನೆಯಲ್ಲಿ, ಕೈಯಲ್ಲಿ ಫೋನ್.

ಆ ಹೊತ್ತಿನಲ್ಲಿ ಕೂಟದ ತುಣುಕುಗಳು ಹರಿದಾಡಲಿಕ್ಕೆ ಶುರುವಾದವು. ವಾಲಿವಧೆಯನ್ನೇ ತೆಗೆದುಕೊಳ್ಳಿ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಅಂತ ಬಿದ್ದ ವಾಲಿ ಕೇಳ್ತಾನೆ. ಕೂಟದಲ್ಲಿ ಆ ಪ್ರಶ್ನೆಗೆ ಒಂದು ಗಂಟೆಯ ಪೂರ್ವಸಿದ್ಧತೆ ಉಂಟು. ವಾಲಿ ತನ್ನ ತಪ್ಪನ್ನು ಒಪ್ಪಿಯೂ ಕೇಳ್ತಾನೋ, ಒಪ್ಪದೆ ಕೇಳ್ತಾನೋ ಅನ್ನುವುದರ ಮೇಲೆ ರಾಮನ ಉತ್ತರ ಬದಲಾಗ್ತದೆ. ಒಳ್ಳೆಯ ರಾಮ ವಾಲಿಯ ಪ್ರತಿಯೊಂದು ಮಾತನ್ನು ನೆನಪಿಟ್ಟು, ಎತ್ತಿ ಹೇಳಿ, ಆಮೇಲೆ ಉತ್ತರ ಕೊಡ್ತಾನೆ. ಸಭೆಯೂ ಹಾಗೆ ಎರಡು ಕಡೆ ತೂಗುತ್ತಾ ಕೂತಿರ್ತದೆ. ತುಣುಕಿನಲ್ಲಿ ಬರುವುದು ಚಪ್ಪಾಳೆ ಬಿದ್ದ ಒಂದು ಮಾತು ಮಾತ್ರ. ವಾಲಿಯ ಅಭಿಮಾನಿಗಳು ವಾಲಿಯ ತುಣುಕು ಹಂಚುತ್ತಾರೆ, ಇನ್ನೊಬ್ಬ ಕಲಾವಿದರ ಅಭಿಮಾನಿಗಳು ರಾಮನ ತುಣುಕು. ಉತ್ತರ ಇಲ್ಲದ ಪ್ರಶ್ನೆ, ಪ್ರಶ್ನೆ ಇಲ್ಲದ ಉತ್ತರ. ಕೂಟದಲ್ಲಿ ಕೂತವನು ತನಗೆ ಹಿಡಿಸದ ಪಕ್ಷದ ಮಾತನ್ನೂ ಅರ್ಧ ಗಂಟೆ ಕೇಳಲೇಬೇಕಿತ್ತು, ಎದ್ದು ಹೋದರೆ ಮಳೆ. ಈಗ ಬೆರಳು ಮೇಲಕ್ಕೆತ್ತಿದರೆ ಆಯಿತು. ನನಗೆ ಚಿಂತೆ ಇರುವುದು ಇಲ್ಲಿ. ಭಾಷೆಯ ದೊಡ್ಡ ಕೆಲಸವೇ ಎದುರಿನವನ ಮಾತು ಮುಗಿಯುವ ತನಕ ಕಾದು ಉತ್ತರ ಕೊಡುವುದು, ಮತ್ತು ನಮ್ಮ ಊರಿನ ಕನ್ನಡಕ್ಕೆ ಆ ಅಭ್ಯಾಸ ಸಿಕ್ಕಿದ್ದು ಕೂಟದಿಂದ.

ಅರ್ಥಧಾರಿಗಳ ಮಾತಿನ ಮೇಲೂ ಇದರ ನೆರಳು ಬೀಳ್ತಾ ಉಂಟು ಅಂತ ನನಗೆ ಅನ್ನಿಸುತ್ತದೆ. ಎದುರಿಗೆ ಮೊಬೈಲ್ ಎತ್ತಿ ಹಿಡಿದವರು ಕಂಡ ಕೂಡಲೇ ಕೆಲವರ ಮಾತಿನ ಲಯ ಬದಲಾಗ್ತದೆ, ಪೀಠಿಕೆ ಬೇಗ ಮುಗಿಯುತ್ತದೆ, ಚಾಟೂಕ್ತಿ ಬೇಗ ಬರುತ್ತದೆ. ಎಲ್ಲರೂ ಹಾಗಲ್ಲ. ಆದರೆ ಚಪ್ಪಾಳೆಯನ್ನು ಗುರಿ ಮಾಡಿ ಮಾತಾಡುವುದು ಹಿಂದೆಯೂ ಇತ್ತು, ಅದನ್ನು ಹಿರಿಯರು ಬಯ್ತಾ ಇದ್ದರು. ಈಗ ಬಯ್ಯುವವರಿಗಿಂತ ಲೈಕ್ ಒತ್ತುವವರು ಜಾಸ್ತಿ.

ಇನ್ನೂ ಒಂದು ಸೂಕ್ಷ್ಮ ಉಂಟು. ರೀಲ್ ನೋಡುವವನಿಗೆ ಗಮನ ಇಲ್ಲ ಅಂತ ಹೇಳುವುದು ತಪ್ಪು. ಅವನ ಗಮನ ತೀರಾ ಗಟ್ಟಿಯಾಗಿರ್ತದೆ, ಕರೆದರೆ ಕೇಳುವುದಿಲ್ಲ. ರೀಲ್ ಪ್ರತಿ ಸೆಕೆಂಡಿಗೂ ಪೂರ್ತಿ ಗಮನ ಕೇಳುತ್ತದೆ, ಅರೆಗಮನವನ್ನು ಸಹಿಸುವುದಿಲ್ಲ, ಗಮನ ತಪ್ಪಿದ ಕ್ಷಣದಲ್ಲೇ ಬೇರೊಂದನ್ನು ಎದುರಿಗೆ ತಂದಿಡುತ್ತದೆ. ಬಯಲಿನಲ್ಲಿ ನಿದ್ದೆ ಹೋದವನನ್ನು ಪಕ್ಕದವನು ಅದೇ ಕಥೆಗೆ ವಾಪಸು ತರುತ್ತಿದ್ದ. ಇಲ್ಲಿ ಪಕ್ಕದವನಿಲ್ಲ, ವಾಪಸು ಬರಲಿಕ್ಕೆ ಕಥೆಯೂ ಇಲ್ಲ. ಫೋನ್ ಮೇಜಿನ ಮೇಲಿದ್ದರೇ ಸಾಕು, ಬೇರೆ ಕೋಣೆಯಲ್ಲಿಟ್ಟವರಿಗಿಂತ ಯೋಚನಾಶಕ್ತಿ ಕಡಿಮೆಯಾಗುತ್ತದೆ ಅಂತ 2017ರಲ್ಲಿ ಏಡ್ರಿಯನ್ ವಾರ್ಡ್ ಮತ್ತು ಜೊತೆಗಾರರು ಬರೆದದ್ದನ್ನು ಇಲ್ಲಿ ಉಲ್ಲೇಖಿಸುವವರಿದ್ದಾರೆ. ಅದನ್ನು ಮರುಪ್ರಯೋಗ ಮಾಡಿದ ಎಲ್ಲರಿಗೂ ಅದೇ ಫಲ ಸಿಕ್ಕಿಲ್ಲ. ಹಾಗಾಗಿ ನನ್ನ ವಾದವನ್ನು ಅದರ ಮೇಲೆ ನಿಲ್ಲಿಸುವುದಿಲ್ಲ.

ಚರ್ಚೆಯಲ್ಲಿ ಇಬ್ಬರು ಕೇಳಿದ ಪ್ರಶ್ನೆಗಳಿಗೆ ಹೇಳಿದ್ದನ್ನು ಇಲ್ಲೇ ಸೇರಿಸುತ್ತೇನೆ. ತಾಳವಾಡಿ ಕಡೆಯ ಅಧ್ಯಾಪಕರೊಬ್ಬರು ಕೇಳಿದರು: ಹಾಗಾದರೆ ಮಕ್ಕಳಿಗೆ ಮೊಬೈಲ್ ಕೊಡಬಾರದು ಅಂತಲೇ? ನಾನು ಅಷ್ಟು ದೂರ ಹೋಗಲಾರೆ. ನಮ್ಮ ಕಡೆ ಕೆಲವು ಶಾಲೆಗಳಲ್ಲಿ ಮಕ್ಕಳ ತಾಳಮದ್ದಳೆ ಮಾಡಿಸ್ತಾರೆ. ಮನೆಯಲ್ಲಿ ಮಲಯಾಳ ಮಾತಾಡುವ ಮಕ್ಕಳೂ ಕೃಷ್ಣನಾಗಿ, ಕೌರವನಾಗಿ ಕೂತು ಅರ್ಧ ಗಂಟೆ ವಾದ ಮಾಡ್ತಾರೆ. ಮೊದಲು ಬಾಯಿಪಾಠ, ಎರಡು ಮೂರು ಸಲ ಆದ ಮೇಲೆ ಎದುರಿನವನ ಮಾತು ಹಿಡಿದು ಸ್ವಂತ ಉತ್ತರ. ಅದೇ ಮಕ್ಕಳು ಮನೆಗೆ ಹೋಗಿ ರೀಲ್ ನೋಡ್ತಾರೆ. ಎರಡಕ್ಕೂ ಅವರ ಹತ್ತಿರ ಗಮನ ಉಂಟು. ಒಂದಕ್ಕೆ ಕೂರಿಸುವವರು ಬೇಕು, ಇನ್ನೊಂದಕ್ಕೆ ಬೇಡ. ಆ ಕೂರಿಸುವ ಅಧ್ಯಾಪಕರು ನಿವೃತ್ತರಾದಾಗ ಕನ್ನಡ ಅಧ್ಯಾಪಕರ ಹುದ್ದೆಗೆ ಕನ್ನಡ ಬಾರದವರು ಬಂದರೆ ಏನಾಗ್ತದೆ ಅನ್ನುವುದು ಕಾಸರಗೋಡಿನಲ್ಲಿ ಊಹೆಯ ಪ್ರಶ್ನೆ ಅಲ್ಲ. ಅದಕ್ಕಾಗಿ ಇಲ್ಲಿ ಜನ ಬೀದಿಗಿಳಿದದ್ದುಂಟು.

ಇನ್ನೊಬ್ಬರದ್ದು ಸಂಶೋಧನಾ ವಿದ್ಯಾರ್ಥಿಯ ಪ್ರಶ್ನೆ: ಯೂಟ್ಯೂಬಿನಲ್ಲಿ ಐದು ಆರು ಗಂಟೆಯ ಪೂರ್ತಿ ಕೂಟಗಳೂ ಉಂಟಲ್ಲ, ಅದನ್ನು ಯಾರು ನೋಡ್ತಾರೆ? ನೋಡುವವರು ಕಡಿಮೆ, ಕೇಳುವವರು ಬಹಳ. ಮಳೆಗಾಲದ ನಂತರ ನಮ್ಮಲ್ಲಿ ಅಡಿಕೆ ಸುಲಿಯುವ ಕೆಲಸ ಇರ್ತದೆ, ರಾತ್ರಿ ಹೊತ್ತು ಚಾವಡಿಯಲ್ಲಿ ನಾಲ್ಕೈದು ಜನ ಸುತ್ತ ಕೂತು ಸುಲಿಯುತ್ತಾರೆ. ಮೊದಲು ಅಲ್ಲಿ ರೇಡಿಯೋ ಇತ್ತು, ಆಮೇಲೆ ಟೇಪ್ ರೆಕಾರ್ಡರ್, ಈಗ ಕಂಬಕ್ಕೆ ಒರಗಿಸಿಟ್ಟ ಮೊಬೈಲ್. ಕೃಷ್ಣಸಂಧಾನ ಹಾಕಿದರೆ ಮುಗಿಯುವ ತನಕ ಅದೇ. ನಡುವೆ ಒಬ್ಬರು ತೂಕಡಿಸ್ತಾರೆ, ಒಬ್ಬರು ಇದಕ್ಕಿಂತ ಶೇಣಿಯವರ ಕೌರವ ಒಳ್ಳೆಯದಿತ್ತು ಅಂತಾರೆ, ಅದರ ಮೇಲೆ ಹತ್ತು ನಿಮಿಷ ಚರ್ಚೆ. ಕೈಯೆಲ್ಲ ಅಡಿಕೆ ಸಿಪ್ಪೆಯ ಧೂಳು, ಕತ್ತಿ ಬೇರೆ, ಯಾರೂ ಪರದೆ ಮುಟ್ಟುವುದಿಲ್ಲ. ಜಾಹೀರಾತು ಬಂದಾಗ ಮಾತ್ರ ಒಬ್ಬರು ಕೈ ಒರೆಸಿಕೊಂಡು ಎದ್ದು, ಸ್ಕಿಪ್ ಒತ್ತಿ ಬಂದು ಕೂರ್ತಾರೆ.